ಆರೇ ಬಸ್ಕಿ, ಭಾರ ಹೊತ್ತು

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನಿಂತು ನೋಡಿದವರಿಗೆ ಗೊತ್ತು, ಅಲ್ಲಿ ತೋಳಿನ ಕೆಲಸ ಕಡಿಮೆ. ಹಗ್ಗ ಹಿಡಿದ ಹತ್ತಾರು ಜನ ಹಿಮ್ಮಡಿಯನ್ನು ಮರಳಿಗೆ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ, ತೊಡೆ-ಸೊಂಟದ ಬಲದಲ್ಲಿ ಬಲೆಯನ್ನು ದಡಕ್ಕೆ ತರುತ್ತಾರೆ. ಅಂಕೋಲಾ ಪೇಟೆಗೆ ಕರಿ ಈಶಾಡು ಮಾವಿನ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಹೆಂಗಸರ ನಡಿಗೆಯಲ್ಲೂ ಇದೇ ಬಲ. ತಲೆಯ ಮೇಲೆ ಅಷ್ಟು ಭಾರವಿದ್ದರೂ ಸೊಂಟ ಓಲಾಡುವುದಿಲ್ಲ.

ಅದೇ ಮರಳಿನಲ್ಲಿ ಬೆಳಿಗ್ಗೆ ಓಡುವ ನಮ್ಮ ಹುಡುಗ-ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಉಸಿರಿದೆ, ಈ ಬಲವಿಲ್ಲ. ಹತ್ತು ಕಿಲೋಮೀಟರ್ ಓಟದ ಕೊನೆಯ ಎರಡರಲ್ಲಿ ಸೊಂಟ ಕುಸಿಯುತ್ತದೆ, ಮಂಡಿ ಒಳಕ್ಕೆ ವಾಲುತ್ತದೆ. ಇನ್ನಷ್ಟು ಓಡಿದರೆ ಇದು ಸರಿಹೋಗುವುದಿಲ್ಲ. ಫಿನ್‌ಲ್ಯಾಂಡ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂದಿನ ಅಭ್ಯಾಸದ ಒಂದು ಪಾಲು ತೆಗೆದು ಜಿಗಿತ ಮತ್ತು ಭಾರದ ವ್ಯಾಯಾಮ ಮಾಡಿಸಿದರು. ಒಂಬತ್ತು ವಾರಗಳಲ್ಲಿ 5 ಕಿಲೋಮೀಟರ್ ಓಟದ ವೇಳೆ ತಗ್ಗಿತು. ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಮಾತ್ರ ಹೆಚ್ಚಿರಲಿಲ್ಲ. 2008ರ ನಾರ್ವೆಯ ಅಧ್ಯಯನದಲ್ಲಿ ಓಟಗಾರರು ಎತ್ತಬಲ್ಲಷ್ಟು ಭಾರ ಹೊತ್ತು ಒಂದು ಸುತ್ತಿಗೆ ನಾಲ್ಕೇ ಅರ್ಧ ಬಸ್ಕಿ ಹೊಡೆದರು, ಅಂಥ ನಾಲ್ಕು ಸುತ್ತು. ಎಂಟು ವಾರಗಳ ನಂತರ ಅದೇ ವೇಗಕ್ಕೆ ಸುಮಾರು ಶೇ 5ರಷ್ಟು ಕಡಿಮೆ ಆಮ್ಲಜನಕ ಸಾಕಾಯಿತು.

ಗರಡಿ ಮನೆಯ ನೂರು ಬಸ್ಕಿಯನ್ನು ನಾನು ಗೌರವಿಸುತ್ತೇನೆ. ಆದರೆ ದಿನವೂ ಸಾವಿರಾರು ಹೆಜ್ಜೆ ಹಾಕುವವನಿಗೆ ನೂರು ಬಸ್ಕಿಯೂ ತಾಳಿಕೆಯ ಅಭ್ಯಾಸವೇ ಆಗಿಬಿಡುತ್ತದೆ. ಅವನಿಗೆ ಬೇಕಾದದ್ದು ಆರು ಬಸ್ಕಿ, ಐದನೆಯದರಲ್ಲೇ ಮುಖ ಬಿಗಿಯುವಷ್ಟು ಭಾರ.

ಜಿಮ್ ಇಲ್ಲದಿದ್ದರೂ ನಡೆಯುತ್ತದೆ. ಮೊದಲ ಎರಡು ವಾರ ಭಾರವಿಲ್ಲದೆ ಭಂಗಿ ಕಲಿಯಬೇಕು. ಆಮೇಲೆ ಬೆನ್ನುಚೀಲಕ್ಕೆ ಮರಳು ತುಂಬಿ ಬಸ್ಕಿ. ಬೆನ್ನು ನೇರವಾಗಿಟ್ಟು, ಸೊಂಟದಲ್ಲಿ ಬಾಗಿ ಅಕ್ಕಿ ಮೂಟೆ ಎತ್ತುವುದು. ಮನೆಯ ಮೆಟ್ಟಿಲಿಗೆ ಒಂದೇ ಕಾಲಲ್ಲಿ ಹತ್ತಿ ನಿಧಾನ ಇಳಿಯುವುದು. ತಲಾ ಮೂರು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಕೊನೆಗೆ ಪ್ಲ್ಯಾಂಕ್. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದನ್ನು ನಮ್ಮೂರಿನವರು ಬಿಡಲೇಬಾರದು. ಸಡಿಲ ಮರಳು ಮೀನಖಂಡವನ್ನು ಹಿಂಡುತ್ತದೆ. ಒದ್ದೆ ಮರಳು ಗಟ್ಟಿಯಾದರೂ ಕಡಲ ಕಡೆಗೆ ಇಳಿಜಾರು, ಒಂದು ಕಾಲು ಸದಾ ತಗ್ಗಿನಲ್ಲಿ. ಹೋದಷ್ಟೇ ದೂರ ಅದೇ ಜಾಡಿನಲ್ಲಿ ಮರಳಿದರೆ ಎರಡೂ ಕಾಲಿಗೆ ಸಮವಾಗುತ್ತದೆ.

ವಾರಕ್ಕೆ ಎರಡು ದಿನ, ಅರ್ಧ ಗಂಟೆ. ವೇಗದ ಓಟವಿದ್ದ ದಿನವೇ ಸಂಜೆ ಮಾಡಿದರೆ ಹಗುರದ ದಿನ ಹಗುರವಾಗಿಯೇ ಉಳಿಯುತ್ತದೆ. ಮೈ ದಪ್ಪಗಾದೀತೆಂಬ ಭಯ ಬೇಡ. ಇಷ್ಟು ಓಡುವವರ ಮೈ ಇಷ್ಟರಿಂದ ಉಬ್ಬುವುದಿಲ್ಲ. ಮಂಡಿನೋವು ಮೊದಲೇ ಇದ್ದವರು ವೈದ್ಯರನ್ನು ಕಂಡು ಶುರುಮಾಡಲಿ.

ಶುರುಮಾಡಲು ಮಳೆಗಾಲವೇ ಸರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ದೋಣಿ-ಬಲೆಗಳ ದುರಸ್ತಿಗೆ ಅದೇ ಹೊತ್ತು. ತೀರದಲ್ಲಿ ಓಡುವುದೂ ಆಗ ಕಷ್ಟ. ಆ ಎರಡು ತಿಂಗಳು ಜಗಲಿಯ ಮೆಟ್ಟಿಲಲ್ಲಿ ಕಳೆಯಲಿ. ಆಗಸ್ಟ್‌ನಲ್ಲಿ ಬೈತಖೋಲ ಬಂದರಿನಿಂದ ದೋಣಿಗಳು ಹೊರಟ ಮೇಲೆ, ಓಟ ಹೆಚ್ಚಿದ ವಾರಗಳಲ್ಲಿ ಒಂದೇ ದಿನಕ್ಕೆ ಇಳಿಸಬಹುದು. ಆ ಒಂದು ದಿನವನ್ನು ಬಿಡಬೇಡಿ.