ಹಿತ್ತಲ ಗಿಡವೂ ಮದ್ದು!

ಉಬ್ಬಸ, ಇಸುಬು – ಈ ಎರಡರಲ್ಲಿ ಒಂದಾದರೂ ಇಣುಕದ ಕನ್ನಡ ಮನೆ ಇಲ್ಲಿ ವಿರಳ. ಆಸ್ಟ್ರೇಲಿಯಾದಲ್ಲಿ ಸುಮಾರು ಒಂಬತ್ತು ಜನರಲ್ಲಿ ಒಬ್ಬರಿಗೆ ಆಸ್ತಮಾ. ಬ್ರಿಸ್ಬೇನಿನ ಬೆಚ್ಚನೆಯ ತೇವದಲ್ಲಿ ಧೂಳಿನ ನುಸಿ, ಪರ್ತ್ ಮತ್ತು ಅಡಿಲೇಡಿನ ವಸಂತದಲ್ಲಿ ಹುಲ್ಲಿನ ಪರಾಗ! ಊರಿನಲ್ಲಿದ್ದಾಗ ಮೃಗಶಿರಾ ಮಳೆಯ ಹೊತ್ತಿಗೆ ಮೀನಿನ ಮದ್ದಿಗೆಂದು ಹೈದರಾಬಾದಿಗೆ ಹೋಗುತ್ತಿದ್ದವರನ್ನು ನಾನು ಬಲ್ಲೆ. ಈಗ ನಮ್ಮವರ ಬಾಯಲ್ಲಿ ಕೇಳಿಬರುವ ಹೊಸ ಹೆಸರು 'ಬಯಾಲಜಿಕ್'. ಅದೇನೆಂದು ಹಲವರು ಕೇಳಿದ್ದರಿಂದ ಈ ಪುಟ್ಟ ಲೇಖನ.

ನಮ್ಮ ದೇಹದ ರಕ್ಷಣಾ ಪಡೆ ನಡೆಯುವುದು ಓಲೆಗಳ ಮೇಲೆ. ಅಲರ್ಜಿ ಇರುವವರಲ್ಲಿ ಪರಾಗದಂಥ ಬಡಪಾಯಿಯನ್ನೂ ಶತ್ರುವೆಂದು ಬಗೆದು ಓಲೆಗಳು ಹೊರಡುತ್ತವೆ. ಪಡೆ ಶ್ವಾಸನಾಳಕ್ಕೆ ನುಗ್ಗಿದರೆ ಉಬ್ಬಸ. ಚರ್ಮಕ್ಕೆ ನುಗ್ಗಿದರೆ ಇಸುಬು. ಸ್ಟೀರಾಯ್ಡ್ ಮಾತ್ರೆ ಇಡೀ ಪಡೆಯನ್ನೇ ಅಡಗಿಸುತ್ತದೆ. ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯಬಹುದು, ಸಕ್ಕರೆ ಕಾಯಿಲೆ ಬರಬಹುದು. ಬಯಾಲಜಿಕ್ ಹಾಗಲ್ಲ. ಅದು ಆಯ್ದ ಓಲೆಯನ್ನಷ್ಟೇ ತಡೆಯುವ ಪ್ರತಿಕಾಯ. ಪ್ರೋಟೀನ್ ಆದ್ದರಿಂದ ನುಂಗಿದರೆ ಜೀರ್ಣವಾಗಿಬಿಡುತ್ತದೆ. ಹೀಗಾಗಿ ಸೂಜಿಯೇ ದಾರಿ.

ಇವುಗಳಲ್ಲಿ ಹಿರಿಯಣ್ಣ ಒಮಲಿಜುಮ್ಯಾಬ್, ಐಜಿಇ ಎಂಬ ಅಲರ್ಜಿ ಪ್ರತಿಕಾಯವನ್ನು ಹಿಡಿದಿಡುತ್ತದೆ. 2002ರಲ್ಲಿ ಆಸ್ಟ್ರೇಲಿಯಾ ಇದಕ್ಕೆ ಅನುಮತಿ ಕೊಟ್ಟಿತು. ಮೆಪೊಲಿಜುಮ್ಯಾಬ್ ತಡೆಯುವುದು ಇಂಟರ್‌ಲ್ಯೂಕಿನ್-5 ಎಂಬ ಓಲೆಯನ್ನು. ಡುಪಿಲುಮ್ಯಾಬ್ ಇಂಟರ್‌ಲ್ಯೂಕಿನ್-4 ಮತ್ತು 13 ಎರಡೂ ಬಂದು ಮುಟ್ಟುವ ಬಾಗಿಲಿಗೇ ಅಗಳಿ ಹಾಕುತ್ತದೆ. ಆದ್ದರಿಂದಲೇ ಅದು ಆಸ್ತಮಾಕ್ಕೂ ಇಸುಬಿಗೂ ಒದಗುತ್ತದೆ. ತೀವ್ರ ಇಸುಬಿಗೆ 2021ರಲ್ಲಿ ಪಿಬಿಎಸ್ ರಿಯಾಯಿತಿ ಪಟ್ಟಿಗೆ ಸೇರಿತು.

'ಹಿತ್ತಲ ಗಿಡ ಮದ್ದಲ್ಲ' ಎನ್ನುತ್ತೇವೆ. ಆದರೆ ಈ ಮದ್ದಿನ ಒಂದು ಬೇರು ನಮ್ಮ ಹಿತ್ತಲಿನಲ್ಲೇ ಇದೆ! ಇಂಟರ್‌ಲ್ಯೂಕಿನ್-5 ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನೇ ಆರಿಸಿ ಕೆರಳಿಸುತ್ತದೆಂದು 1988ರಲ್ಲಿ ತೋರಿಸಿದ ತಂಡದಲ್ಲಿ ಅಡಿಲೇಡಿನ ಏಂಜೆಲ್ ಲೋಪೆಜ್, ಮ್ಯಾಥ್ಯೂ ವಾಡಾಸ್ ಇದ್ದರು. ಅದೇ ತಂಡದ ಕಾಲಿನ್ ಸ್ಯಾಂಡರ್ಸನ್ ಮುಂದೆ ಪರ್ತ್‌ನಲ್ಲಿ ಸಂಶೋಧನೆ ಮುಂದುವರಿಸಿದರು. ಆ ತಿಳಿವಳಿಕೆ ಪಿಬಿಎಸ್ ಸೂಜಿಯಾಗಿ ರೋಗಿಯ ತೋಳಿಗೆ ಬರಲು 2017 ಆಯಿತು.

ನನ್ನ ಹೆಂಡತಿಗೂ ನಾಲ್ಕು ವಾರಕ್ಕೊಂದು ಸೂಜಿ. ಹಿಂದೆ ಪ್ರತಿ ಚಳಿಗಾಲವೂ ಆಸ್ಪತ್ರೆ. ಈಗ ಯುಗಾದಿಯ ಕೋಲಾಟಕ್ಕೆ ಅವಳೇ ಮುಂದು. ಆದರೆ ದಿನನಿತ್ಯದ ಪ್ರಿವೆಂಟರ್ ಪಂಪನ್ನು ಅವಳು ಬಿಟ್ಟಿಲ್ಲ. ಬಯಾಲಜಿಕ್ ರೋಗವನ್ನು ಬುಡಸಮೇತ ಕೀಳುವುದಿಲ್ಲ, ಹತೋಟಿಯಲ್ಲಿಡುತ್ತದೆ, ಅಷ್ಟೆ. ಎಲ್ಲರಿಗೂ ಇದು ಬೇಕಿಲ್ಲ. ಪಂಪನ್ನು ಸರಿಯಾಗಿ ಎಳೆದುಕೊಂಡರೂ ಜಗ್ಗದ ತೀವ್ರ ಕಾಯಿಲೆಗೆ, ತಜ್ಞ ವೈದ್ಯರ ಮೂಲಕ ಮಾತ್ರ. ಸಂದರ್ಶಕ ವೀಸಾದಲ್ಲಿ ಊರಿನಿಂದ ಬರುವ ಅಪ್ಪ-ಅಮ್ಮಂದಿರಿಗೆ ಪಿಬಿಎಸ್ ರಿಯಾಯಿತಿ ಸಿಗದೆಂಬುದೂ ನೆನಪಿರಲಿ.

ನಾಲ್ಕು ಜನರೆದುರು ಪಂಪ್ ಎಳೆದುಕೊಳ್ಳಲು ನಾಚುವ, ಮಗಳ ಇಸುಬನ್ನು ತುಂಬುತೋಳಿನಲ್ಲಿ ಮುಚ್ಚಿಡುವ ಮನೆಗಳು ನಮ್ಮಲ್ಲಿವೆ. ದಯವಿಟ್ಟು ಮುಚ್ಚಿಡಬೇಡಿ, ವೈದ್ಯರನ್ನು ಕೇಳಿ. ಹಬ್ಬದ ಈ ಹೊತ್ತಿನಲ್ಲಿ ನಿಮ್ಮೆಲ್ಲರ ಉಸಿರು ಹಗುರವಾಗಿರಲಿ!