ಕಾಣದ ಕೆಂಡಗಳು

ನಸುಕಿನಲ್ಲಿ ನಮ್ಮವ್ವ ಒಲೆಯ ಬೂದಿಯ ಮೇಲೆ ಅಂಗೈ ಹಿಡಿದು, ಬಿಸಿ ತಗುಲಿದ ಕಡೆ ಕೆದಕಿ ಕೆಂಡ ತೆಗೆಯುತ್ತಿದ್ದಳು. ಖಗೋಳಜ್ಞರೂ ಇದೇ ವಿದ್ಯೆಯನ್ನು ಬಳಸುತ್ತಾರೆಂದು ಓದಿದಾಗ ನನಗಾದ ಆನಂದ ಅಷ್ಟಿಷ್ಟಲ್ಲ.

ಅವರು ಹುಡುಕುವುದು ಕಂದು ಕುಬ್ಜಗಳನ್ನು. ನಕ್ಷತ್ರವಾಗಲು ಹೊರಟು ಆಗಲಾರದೆ ಉಳಿದ ಕಾಯಗಳನ್ನು. ಸೂರ್ಯನ ದ್ರವ್ಯದಲ್ಲಿ ಶೇಕಡ 7ರಷ್ಟೂ ಇಲ್ಲದಿದ್ದರೆ ಒಡಲಿನ ಜಲಜನಕ ಸತತವಾಗಿ ಹೀಲಿಯಂ ಆಗುವಷ್ಟು ಕಾವು ಏರದು. ಹುಟ್ಟಿನ ಶಾಖವನ್ನೇ ಖರ್ಚು ಮಾಡುತ್ತ ಅವು ತಣಿಯುತ್ತ ಹೋಗುತ್ತವೆ. ಇಂಥವು ಇರಬೇಕೆಂದು 1960ರ ದಶಕದ ಮೊದಲಲ್ಲೇ ಗಣಿತದಿಂದ ತೋರಿಸಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿವ ಕುಮಾರರು ಪ್ರಮುಖರು. ‘ಕಂದು’ ಎಂಬ ಹೆಸರನ್ನು 1975ರಲ್ಲಿ ಕೊಟ್ಟವರು ಜಿಲ್ ಟಾರ್ಟರ್. ಖಚಿತವಾಗಿ ಸಿಕ್ಕಿದ್ದು 1995ರಲ್ಲಿ. ಲೆಕ್ಕಕ್ಕೂ ನೋಟಕ್ಕೂ ನಡುವೆ ಮೂವತ್ತು ವರ್ಷ!

ತಣ್ಣನೆಯ ಕಾಯ ಕಣ್ಣಿಗೆ ಕಾಣುವ ಬೆಳಕನ್ನು ಸೂಸುವುದಿಲ್ಲವೆಂದೇ ಹೇಳಬಹುದು. ಅದರ ಕಾವು ಅವಗೆಂಪು ಕಿರಣಗಳಾಗಿ ಹೊರಡುತ್ತದೆ. ಅವನ್ನು ಹಿಡಿಯಲು ನಾಸಾದವರು 2009ರ ಡಿಸೆಂಬರಿನಲ್ಲಿ ‘ವೈಸ್’ ಎಂಬ ಉಪಗ್ರಹವನ್ನು ಹಾರಿಸಿದರು. ಅದರ ದೂರದರ್ಶಕ ಬರಿಯ 40 ಸೆಂಟಿಮೀಟರಿನದು. ಆದರೆ ಇಡೀ ಆಕಾಶವನ್ನು ಚಿತ್ರಿಸಿತು. ತನ್ನ ಕಾವೇ ತನ್ನ ಕಣ್ಣು ಕಟ್ಟದಿರಲೆಂದು ಅದನ್ನು ಹೆಪ್ಪುಗಟ್ಟಿದ ಜಲಜನಕದಿಂದ ತಣಿಸಿದ್ದರು.

ಹುಡುಕುವ ಯುಕ್ತಿ ಸೊಗಸಾಗಿದೆ. ತಣ್ಣನೆಯ ಕುಬ್ಜದ ವಾಯುಮಂಡಲದಲ್ಲಿರುವ ಮೀಥೇನ್ 3.4 ಮೈಕ್ರಾನಿನ ಸುತ್ತಲಿನ ಕಿರಣಗಳನ್ನು ನುಂಗುತ್ತದೆ, 4.6ರ ಸುತ್ತಲಿನವು ಪಾರಾಗಿ ಬರುತ್ತವೆ. ಆದ್ದರಿಂದ ಒಂದು ಪಟದಲ್ಲಿ ಮಂಕಾಗಿ ಇನ್ನೊಂದರಲ್ಲಿ ಪ್ರಕಾಶವಾಗಿ ಕಂಡ ಚುಕ್ಕೆಯ ಮೇಲೆ ಅನುಮಾನ ಪಡಬೇಕು. ದೂರದ ಬ್ರಹ್ಮಾಂಡಗಳೂ ಹೀಗೆ ಮೋಸ ಮಾಡುವುದುಂಟು. ಆದರೆ ಅವು ಕದಲುವುದಿಲ್ಲ. ನೆರೆಯ ಕುಬ್ಜ ಕೆಲವು ವರ್ಷಗಳ ಪಟಗಳಲ್ಲಿ ಜಾಗ ಬಿಟ್ಟಿರುತ್ತದೆ. ಕೆವಿನ್ ಲೂಮನ್ 2014ರಲ್ಲಿ ಪ್ರಕಟಿಸಿದ ಕುಬ್ಜ ಹೀಗೆ ಸಿಕ್ಕಿದ್ದು. ದೂರ ಸುಮಾರು 7.4 ಜ್ಯೋತಿರ್ವರ್ಷ, ಶಾಖ, ಆಗಿನ ಅಂದಾಜಿನಂತೆ, ಸೊನ್ನೆಗಿಂತಲೂ 13ರಿಂದ 48 ಡಿಗ್ರಿ ಕೆಳಗೆ. ಆಮೇಲಿನ ಅಳತೆಗಳು ಇದನ್ನು ಕೊಂಚ ಮೇಲೇರಿಸಿವೆ. ಆದರೂ ನಮ್ಮವ್ವನ ಬೂದಿಯೇ ಎಷ್ಟೋ ವಾಸಿ!

ನಮ್ಮೂರ ಸಮೀಪದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿರಲಿಲ್ಲ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿದ ನಾನು ಬಿ.ಎ.ಗೆ ಸೇರಿದೆ, ಆಕಾಶದ ಬಾಗಿಲು ಮುಚ್ಚಿತೆಂದುಕೊಂಡೆ. ಆದರೆ ವೈಸ್‌ನ ಪಟಗಳನ್ನು ಸೋಸಲು 2017ರಿಂದ ಸಾರ್ವಜನಿಕರನ್ನೂ ಕರೆದಿದ್ದಾರೆ. ಹೀಗೆ ಸಿಕ್ಕಿದ 95 ಕುಬ್ಜಗಳ ಸುದ್ದಿ 2020ರಲ್ಲಿ ಹೊರಬಿತ್ತು. ಪದವಿ ಯಾವುದೆಂದು ಅಲ್ಲಿ ಕೇಳುವುದಿಲ್ಲ. ಉಪಗ್ರಹದ ಕೆಲಸ 2024ರಲ್ಲಿ ನಿಂತಿತು, ಪಟಗಳು ಉಳಿದಿವೆ. ದಸರಾ ರಜೆಯಲ್ಲಿ ನಾನೂ ನಾಲ್ಕು ರಾತ್ರಿ ಕುಳಿತೆ. ಒಂದು ಚುಕ್ಕೆ ಕದಲಿದಂತಾಗಿ ಎದೆ ಹಾರಿತು. ಅದು ಪಟದ ದೋಷವಂತೆ. ಸಂಕ್ರಾಂತಿಯ ರಜೆಯಲ್ಲಿ ಮತ್ತೆ ಕೂರುತ್ತೇನೆ.