ಬಿಯರಿಗೆ ಸಮುದ್ರದ ಸಿಂಪಿ ಹಾಕುತ್ತಾರಾ? ಆಯ್‌ಸ್ಟರ್ ಸ್ಟೌಟ್‌ನಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಒಲೆಯ ಮೇಲೆ ದೊಡ್ಡ ಪಾತ್ರೆ. ಒಳಗೆ ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಾದ ದ್ರವ ಕುದಿಯುತ್ತಿದೆ. ಯಾರೋ ಬಂದು ಒಂದು ಡಜನ್ ಸಿಂಪಿಗಳನ್ನು ಚಿಪ್ಪಿನ ಸಮೇತ ಅದರೊಳಗೆ ಬಿಡುತ್ತಾರೆ. ಇಂಥದೊಂದು ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೆ ಬಂದರೆ ಸುಳ್ಳು ಎಂದುಕೊಳ್ಳಬೇಡಿ. ಆಯ್‌ಸ್ಟರ್ ಸ್ಟೌಟ್ ಎಂಬ ಬಿಯರ್ ನಿಜಕ್ಕೂ ಇದೆ. ಆದರೆ ಅದರ ಜೊತೆ ಕೇಳಿಬರುವ ಮಾತುಗಳೆಲ್ಲ ನಿಜವಲ್ಲ. ಒಂದಂತೂ ಜೀವಕ್ಕೇ ಅಪಾಯ.

ಸಿಂಪಿ, ಅಂದರೆ ಆಯ್‌ಸ್ಟರ್, ನಮ್ಮ ಕರಾವಳಿಯವರಿಗೆ ಗೊತ್ತಿರುವ ಮರುವಾಯಿಯ ನೆಂಟ. ಸ್ಟೌಟ್ ಎಂದರೆ ಕಪ್ಪಾಗುವಷ್ಟು ಹುರಿದ ಬಾರ್ಲಿ ಸೇರಿಸಿ ಮಾಡುವ ಗಾಢ ಬಿಯರ್. ಹತ್ತೊಂಬತ್ತನೇ ಶತಮಾನದ ಲಂಡನ್‌ನಲ್ಲಿ ಸಿಂಪಿ ಬಡವರ ಆಹಾರವಾಗಿತ್ತು. 1836-37ರಲ್ಲಿ ಬಂದ ಚಾರ್ಲ್ಸ್ ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಬಡತನಕ್ಕೂ ಸಿಂಪಿಗೂ ಬಿಡದ ನಂಟು ಎಂದು ಒಂದು ಪಾತ್ರ ಹೇಳುತ್ತದೆ. ಜನ ಕಪ್ಪು ಬಿಯರಿನ ಜೊತೆ ಸಿಂಪಿ ತಿನ್ನುತ್ತಿದ್ದರು, ಅಷ್ಟೇ. ಬಿಯರಿನ ಒಳಗೇ ಸಿಂಪಿ ಹಾಕಿದ್ದಕ್ಕೆ ಸಿಗುವ ಮೊದಲ ದಾಖಲೆ 1929ರದ್ದು, ಅದೂ ನ್ಯೂಜಿಲೆಂಡಿನದು. ಲಂಡನ್ನಿನ ಹ್ಯಾಮರ್ಟನ್ ಬ್ರೂವರಿ ಹಾಗೆ ಮಾಡಿದ್ದು 1938ರಲ್ಲಿ. ಹಾಗಾಗಿ 'ನೂರಾರು ವರ್ಷಗಳ ಸಾಂಪ್ರದಾಯಿಕ ವಿಧಾನ' ಎಂದು ಯಾರಾದರೂ ಬರೆದರೆ ಪೂರ್ತಿ ನಂಬಬೇಕಿಲ್ಲ.

ಮನೆಯಲ್ಲಿ ಹೇಗೆ ಮಾಡುತ್ತಾರೆ?

ಬ್ರಿಟನ್ನಿನಲ್ಲಿ 1963ರಿಂದ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಮುಂದಿನದನ್ನು ತಿಳಿವಳಿಕೆಗಾಗಿ ಓದಿ, ಪ್ರಯೋಗಕ್ಕಲ್ಲ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿ ರಸ ತೆಗೆದು, ಹಾಪ್ಸ್ ಎಂಬ ಕಹಿ ಹೂ ಹಾಕಿ ಸುಮಾರು ಒಂದು ಗಂಟೆ ಕುದಿಸುತ್ತಾರೆ. ಚೆನ್ನಾಗಿ ಉಜ್ಜಿ ತೊಳೆದ ಸಿಂಪಿಗಳು ಬಟ್ಟೆಯ ಚೀಲದಲ್ಲಿ ಒಳಗೆ ಹೋಗುವುದು ಕೊನೆಯ ಹತ್ತು ಹದಿನೈದು ನಿಮಿಷಗಳಲ್ಲಿ. ಆಮೇಲೆ ಚೀಲ ತೆಗೆದು, ರಸ ತಣಿಸಿ, ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ.

ರುಚಿ ಮೀನಿನದಾಗುತ್ತದೆಯೇ? ಇಲ್ಲ. ಚಿಪ್ಪಿನೊಳಗಿನ ಉಪ್ಪುನೀರು ಸೇರಿ ತುಸು ಉಪ್ಪಿನ ಅಂಶ ಬರುತ್ತದೆ, ಹುರಿದ ಬಾರ್ಲಿಯ ಕಹಿ ಸ್ವಲ್ಪ ಮೆತ್ತಗಾಗುತ್ತದೆ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯಲ್ಲಿ ಎಲೆಅಡಿಕೆಯ ಸುಣ್ಣಕ್ಕೆ ಸುಡುತ್ತಿದ್ದುದೂ ಚಿಪ್ಪನ್ನೇ. ಅದು ಹುಳಿಯನ್ನು ತಗ್ಗಿಸುತ್ತದೆ, ನಿಜ. ಆದರೆ ಹತ್ತು ನಿಮಿಷದಲ್ಲಿ ಕರಗುವುದು ಅತ್ಯಲ್ಪ.

ಇನ್ನು 'ಸಿಂಪಿಯಲ್ಲಿ ಜಿಂಕ್ ಇದೆ, ಈ ಬಿಯರ್ ಪುರುಷತ್ವಕ್ಕೆ ಒಳ್ಳೆಯದು' ಎಂಬ ಮಾತು. ನಾವು ಲೆಕ್ಕ ಹಾಕಿ ನೋಡಿದೆವು. 19 ಲೀಟರಿಗೆ 12 ಸಿಂಪಿ ಹಾಕಿದರೆ, 650 ಮಿಲಿಯ ಒಂದು ಬಾಟಲಿಯ ಪಾಲಿಗೆ ಅರ್ಧ ಸಿಂಪಿಯೂ ಬರುವುದಿಲ್ಲ. ಅದರ ಮಾಂಸವೂ ಚೀಲದ ಜೊತೆ ಆಚೆ ಹೋಗಿರುತ್ತದೆ. ಉಳಿದದ್ದು ಮಾರ್ಕೆಟಿಂಗ್.

'ಬಿಯರ್ ಇದ್ದರೆ ರೋಗಾಣು ಸಾಯುತ್ತದೆ': ಸುಳ್ಳು

ಅಪಾಯ ಇರುವುದು ಇಲ್ಲಿ. ಹಸಿ ಸಿಂಪಿಯಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಇದ್ದರೂ ನೋಟ, ವಾಸನೆ, ರುಚಿಯಲ್ಲಿ ಗೊತ್ತಾಗುವುದಿಲ್ಲ. ಇದರ ಒಂದು ಜಾತಿಯಾದ ವಿಬ್ರಿಯೊ ವಲ್ನಿಫಿಕಸ್ ಸೋಂಕು ತಗುಲಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸಾಯುತ್ತಾರೆ, ಕೆಲವರು ಒಂದೆರಡು ದಿನದಲ್ಲೇ, ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ನಿಂಬೆರಸ, ಖಾರದ ಸಾಸ್, ಮದ್ಯ ಯಾವುದೂ ಇದನ್ನು ಕೊಲ್ಲುವುದಿಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲೇ ಕನಿಷ್ಠ 60 ಶೇಕಡಾ ಆಲ್ಕೋಹಾಲ್ ಬೇಕು, ಸ್ಟೌಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಐದರ ಆಸುಪಾಸು. ಕೊಲ್ಲುವುದು ಕುದಿ ಮಾತ್ರ: ಚಿಪ್ಪು ಬಾಯಿ ಬಿಟ್ಟ ಮೇಲೂ 3ರಿಂದ 5 ನಿಮಿಷ. ಹುದುಗಿದ ತಣ್ಣನೆಯ ಬಿಯರಿಗೆ ಹಸಿ ಸಿಂಪಿ ಹಾಕಿ ನೆನೆಯಲು ಬಿಡುವ ವಿಡಿಯೋ ಕಂಡರೆ ಫಾರ್ವರ್ಡ್ ಮಾಡಬೇಡಿ. ಈ ಸೋಂಕು ಅತಿ ಹೆಚ್ಚು ಕಾಡುವುದು ಲಿವರ್ ಕಾಯಿಲೆ ಇರುವವರನ್ನು. ಕುಡಿತದಿಂದ ಮೊದಲು ಕೆಡುವುದೂ ಲಿವರೇ ಅಲ್ಲವೇ?

ಕುದಿಸಿದರೂ ಹೋಗದ ಇನ್ನೊಂದು ತೊಂದರೆ ಅಲರ್ಜಿ. ಸಿಗಡಿ, ಏಡಿ, ಸಿಂಪಿಗಳಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನ್ ಟ್ರೋಪೊಮಯೋಸಿನ್. ಇದು ಬಿಸಿಗೆ ಹಾಳಾಗುವುದಿಲ್ಲ, ಜೊತೆಗೆ ನೀರಿಗೆ ಬಿಟ್ಟುಕೊಳ್ಳುತ್ತದೆ. ಸಿಂಪಿಯನ್ನು ತೆಗೆದು ಎಸೆದರೂ ಪ್ರೋಟೀನ್ ರಸದಲ್ಲಿ ಉಳಿಯಬಹುದು. ಅಂಗಡಿಯ ಬಾಟಲಿಗಾದರೂ ಲೇಬಲ್ ಇರುತ್ತದೆ. ಮನೆಯಲ್ಲಿ ಮಾಡಿ ಲೋಟಕ್ಕೆ ಸುರಿದದ್ದರಲ್ಲಿ ಏನಿದೆ ಎಂದು ಹೇಳುವವರು ಯಾರು? ವಿದೇಶದಲ್ಲಿರುವ ನಿಮ್ಮ ಮಗನೋ ಗೆಳತಿಯೋ ಯಾರದೋ ಮನೆಯ ಪಾರ್ಟಿಗೆ ಹೋಗುವವರಾಗಿದ್ದು, ಸಿಗಡಿ ತಿಂದರೆ ಮೈ ದದ್ದೇಳುವವರಾಗಿದ್ದರೆ, ಈ ಪ್ಯಾರಾವನ್ನಾದರೂ ಕಳಿಸಿ.

ಸಸ್ಯಾಹಾರಿಗಳಿಗೂ ಹೆಸರು ನೋಡಿ ಏನೂ ಗೊತ್ತಾಗುವುದಿಲ್ಲ. ಇಂಗ್ಲೆಂಡಿನ ಮಾರ್ಸ್ಟನ್ಸ್ ಆಯ್‌ಸ್ಟರ್ ಸ್ಟೌಟ್‌ಗೆ ಸಿಂಪಿ ಹಾಕುವುದಿಲ್ಲ, ಸಿಂಪಿಯ ಜೊತೆ ಕುಡಿಯಲು ಚೆನ್ನ ಎಂದಷ್ಟೇ ಆ ಹೆಸರು. ಡಬ್ಲಿನ್ನಿನ ಪೋರ್ಟರ್‌ಹೌಸ್‌ನದರಲ್ಲಿ ನಿಜವಾದ ಸಿಂಪಿ ಇದೆ. ಹೆಸರಲ್ಲಿ ಸಮುದ್ರದ ಸುಳಿವೇ ಇಲ್ಲದ ಗಿನ್ನೆಸ್ ಕೂಡ ಬಿಯರನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುತ್ತಿತ್ತು. ಅದನ್ನು ಕೈಬಿಡುವುದಾಗಿ ಕಂಪನಿ ಹೇಳಿದ್ದು 2015ರಲ್ಲಿ.

ಹಾಗೇ 'ರಾಕಿ ಮೌಂಟನ್ ಆಯ್‌ಸ್ಟರ್' ಎಂಬ ಹೆಸರು ಕಂಡರೆ ತುಸು ನಿಲ್ಲಿ. ಅಮೆರಿಕದಲ್ಲಿ ಅದು ಹೋರಿಯ ವೃಷಣಕ್ಕೆ ಇಟ್ಟ ತಮಾಷೆಯ ಹೆಸರು. ಡೆನ್ವರಿನ ವಿಂಕೂಪ್ ಬ್ರೂವರಿ 2012ರ ಏಪ್ರಿಲ್ ಫೂಲ್ ದಿನ, ಅದನ್ನು ಹಾಕಿ ಸ್ಟೌಟ್ ಮಾಡಿದ್ದೇವೆ ಎಂದು ಸುಳ್ಳು ವಿಡಿಯೋ ಬಿಟ್ಟಿತು. ಜನ ನಂಬಿದರು, ಕೆಲವರು ಕುಡಿಯಲೂ ಕೇಳಿದರು. ಅದೇ ವರ್ಷ ಬ್ರೂವರಿಯವರು ಅದನ್ನು ನಿಜವಾಗಿಯೂ ಮಾಡಿಬಿಟ್ಟರು.